ಪಾಠದ ನಡುವೆ ಒಂದು ನಡಿಗೆ: ಲ್ಯಾಬಿರಿಂತ್ ಮತ್ತು ನನ್ನ ಕನ್ನಡ ತರಗತಿ

ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ನನ್ನ ಒಂದಷ್ಟು ತರಗತಿಗಳು ಕಟ್ಟಡದ ಹಿಂದೆ, ಹೊಂಗೆ ಮರಗಳ ಪಕ್ಕದ ಖಾಲಿ ಜಾಗದಲ್ಲಿ ನಡೆಯುತ್ತವೆ. ಅಲ್ಲಿ ಇಟ್ಟಿಗೆ ಜೋಡಿಸಿ ಮಾಡಿದ ಏಳು ಸುತ್ತಿನ ಲ್ಯಾಬಿರಿಂತ್ ಇದೆ. ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ಮನಸ್ಸಲ್ಲಿಟ್ಟುಕೊಂಡು ಅದರೊಳಗೆ ನಡೆಯುತ್ತಾರೆ. ನಡುವಿಗೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದೇ ದಾರಿಯಲ್ಲಿ ವಾಪಸ್ ಬಂದು, ಕೂತು, ಬರೆಯುತ್ತಾರೆ. ಮಾತು ಶುರುವಾಗುವುದು ಆಮೇಲೆ. ಬೇರೆ ಕಾಲೇಜುಗಳಲ್ಲಿ ಪಾಠ ಮಾಡುವ ಗೆಳೆಯರು ಇದನ್ನು ಹೇಗೆ ಮಾಡುವುದು ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಬಿಡಿಸಿ ಹೇಳಬೇಕು. ಪಾರ್ಕುಗಳಲ್ಲಿ ಗಿಡ ಬೆಳೆಸಿ ಮಾಡುವ, ದಾರಿ ತಪ್ಪಿಸುವ ಆಟದ ಜಾಗ ಇರುತ್ತದಲ್ಲ, ಅದು ಬೇರೆ. ಅಲ್ಲಿ ಕವಲುಗಳಿರುತ್ತವೆ, ಮುಚ್ಚಿದ ತುದಿಗಳಿರುತ್ತವೆ. ಲ್ಯಾಬಿರಿಂತಿನಲ್ಲಿ ಕವಲೇ ಇಲ್ಲ. ಇರುವುದು ಒಂದೇ ದಾರಿ. ಬಳಸಿ ಬಳಸಿ ಹೋಗುತ್ತದೆ, ಆದರೆ ಕೊನೆಗೆ ನಡುವಿಗೇ ಮುಟ್ಟಿಸುತ್ತದೆ. ಎಲ್ಲಿ ತಿರುಗಬೇಕು ಎಂದು ಯೋಚಿಸುವ ಕೆಲಸ ಕಾಲಿಗೂ ಇಲ್ಲ, ತಲೆಗೂ ಇಲ್ಲ. ಹಾಗಾಗಿ ಯೋಚನೆಗೆ ಜಾಗ ಸಿಗುತ್ತದೆ. ನನ್ನ ಪಾಠಕ್ಕೆ ಬೇಕಾಗಿದ್ದು ಇದೇ.

ಈ ಚಿತ್ರ ತುಂಬ ಹಳೆಯದು. ಗ್ರೀಸಿನ ಪೈಲೋಸ್‌ನಲ್ಲಿ ಸಿಕ್ಕ, ಕ್ರಿ.ಪೂ. 1200ರ ಸುಮಾರಿನ ಮಣ್ಣಿನ ಫಲಕವೊಂದರ ಮೇಲೆ ಇದೆ. ಕ್ರೀಟ್ ದ್ವೀಪದ ಹಳೆಯ ನಾಣ್ಯಗಳ ಮೇಲೆ ಇದೆ. ಸ್ವೀಡನ್, ಫಿನ್‌ಲೆಂಡ್‌ಗಳ ಕಡಲ ತೀರದಲ್ಲಿ ಕಲ್ಲು ಜೋಡಿಸಿ ಮಾಡಿದ ಲ್ಯಾಬಿರಿಂತ್‌ಗಳು ನೂರಾರು ಇವೆ. ಫ್ರಾನ್ಸಿನ ಶಾರ್ತ್ರ್ ಚರ್ಚಿನ ನೆಲದ ಮೇಲೆ 13ನೇ ಶತಮಾನದ ಶುರುವಿನಲ್ಲಿ ಹಾಸಿದ್ದು ಹನ್ನೊಂದು ಸುತ್ತಿನದು. ಅದರ ಅಗಲ ಸುಮಾರು 13 ಮೀಟರ್, ಒಳಗೆ ಹೋಗುವ ದಾರಿ ಮಾತ್ರ ಸುಮಾರು 260 ಮೀಟರ್. ನಮ್ಮ ಪಕ್ಕದ ಗೋವಾದಲ್ಲಿ, ಕುಶಾವತಿ ನದಿಯ ದಡದ ಬಂಡೆಯ ಮೇಲೂ ಇಂಥದೇ ಸುತ್ತುಗಳ ಕೆತ್ತನೆ ಇದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಗೆ ಹೋದವರು ಹೊರಗೋಡೆಯ ಶಿಲ್ಪಗಳಲ್ಲಿ ಚಕ್ರವ್ಯೂಹವನ್ನು ನೋಡಿರಬಹುದು. ಶಿಲ್ಪಿ ಅದನ್ನು ಸುತ್ತು ಸುತ್ತಾದ ದಾರಿಯಂತೆಯೇ ಕೆತ್ತಿದ್ದಾನೆ.

ಇದನ್ನು ಮತ್ತೆ ನಡೆಯುವ ಅಭ್ಯಾಸವಾಗಿ ಜನರ ನಡುವೆ ತಂದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೆಡ್ರಲ್‌ನ ಲಾರೆನ್ ಆರ್ಟ್ರೆಸ್ ಮುಖ್ಯರು. ಅದು 1990ರ ದಶಕ. ಆಮೇಲೆ ವಿಶ್ವವಿದ್ಯಾಲಯಗಳೂ ಕೈಹಾಕಿದವು. ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದ ಕ್ಯಾಂಟರ್‌ಬರಿ ಕ್ಯಾಂಪಸ್ಸಿನಲ್ಲಿ 2008ರಲ್ಲಿ ಗುಡ್ಡದ ಇಳಿಜಾರಿನ ಮೇಲೆ ಒಂದು ಲ್ಯಾಬಿರಿಂತ್ ಮಾಡಿದರು. ಅಲ್ಲಿ ಅದನ್ನು ಕಲಿಕೆಯ ಜಾಗವಾಗಿ ಬಳಸುತ್ತಾರೆ ಎಂದು ಓದಿದಾಗ ನನಗೆ ಆಸಕ್ತಿ ಹುಟ್ಟಿತು. ಧ್ಯಾನದ ಕೋಣೆ ಅಂತ ಮಾಡಿ ಪಕ್ಕಕ್ಕಿಡದೆ ಪಾಠದ ಒಳಗೇ ತಂದಿದ್ದಾರಲ್ಲ, ಅದು ನನಗೆ ಹಿಡಿಸಿತು.

ನನ್ನ ವಿದ್ಯಾರ್ಥಿಗಳ ದಿನ ಹೇಗಿರುತ್ತದೆ ಗೊತ್ತಾ? ನೆಲಮಂಗಲದಿಂದ, ಹೊಸಕೋಟೆಯಿಂದ, ಆನೇಕಲ್ಲಿನಿಂದ ಎರಡೆರಡು ಬಸ್ ಬದಲಿಸಿ ಬರುತ್ತಾರೆ. ಕೆಲವರು ಸಂಜೆ ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ. ಒಂದು ಪೀರಿಯಡ್ ಮುಗಿದ ಕೂಡಲೇ ಇನ್ನೊಂದು. ಅಕೌಂಟೆನ್ಸಿ ಮುಗಿಸಿ ಎದ್ದವರ ಮುಂದೆ ನಾನು ಕುಮಾರವ್ಯಾಸನನ್ನು ತೆರೆಯಬೇಕು. ಪುಸ್ತಕ ತೆರೆದಿರುತ್ತದೆ, ಕಣ್ಣು ಅದರ ಮೇಲಿರುತ್ತದೆ, ಮನಸ್ಸು ಮಾತ್ರ ಇನ್ನೂ ಬಂದಿರುವುದಿಲ್ಲ. ಪ್ರಶ್ನೆ ಕೇಳಿದರೆ ಗೈಡಿನ ಸಾಲು ಬರುತ್ತದೆ. ತಪ್ಪೇನಲ್ಲ, ಅವರಿಗೆ ಪರೀಕ್ಷೆ ಇದೆ. ಆದರೆ ಒಂದು ಪದ್ಯವನ್ನು ಓದಿ ಹತ್ತು ನಿಮಿಷ ಅದರ ಜೊತೆ ಸುಮ್ನೆ ಇರುವ ಅವಕಾಶ ಆ ಮಕ್ಕಳಿಗೆ ಇಡೀ ದಿನದಲ್ಲಿ ಎಲ್ಲೂ ಇಲ್ಲ. ಕೂತು ಕಣ್ಣು ಮುಚ್ಚಿ ಅಂದರೆ ಅರ್ಧ ಜನ ನಿದ್ದೆ ಹೋಗುತ್ತಾರೆ, ಉಳಿದರ್ಧ ಜನ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ನಡೆಯುವುದು ಹಾಗಲ್ಲ. ಮೈಗೆ ಒಂದು ಕೆಲಸ ಸಿಗುತ್ತದೆ, ಸಂಕೋಚ ಕಡಿಮೆಯಾಗುತ್ತದೆ.

ಈಗ ಹಾಕುವ ವಿಧಾನ. ಏಳು ಸುತ್ತಿನ ಲ್ಯಾಬಿರಿಂತನ್ನು ರಂಗೋಲಿಯಂತೆ ಚುಕ್ಕಿ ಗೆರೆಯಿಂದಲೇ ಬಿಡಬಹುದು. ಮೊದಲು ದೊಡ್ಡದೊಂದು ಕೂಡಿಸು ಚಿಹ್ನೆ ಹಾಕಿ. ಅದರ ನಾಲ್ಕು ಮನೆಗಳಲ್ಲಿ ಒಂದೊಂದು ಮೂಲೆಗೆರೆ ಹಾಕಿ. ಮೂಲೆ ನಡುವಿನ ಕಡೆಗಿರಲಿ, ತೆರೆದ ಬದಿ ಹೊರಗಿರಲಿ. ಪ್ರತಿ ಮೂಲೆಗೆರೆಯ ತೆರೆದ ಬದಿಯಲ್ಲಿ, ಮೂಲೆಗೆ ಎದುರಾಗಿ, ಒಂದೊಂದು ಚುಕ್ಕಿ. ಚುಕ್ಕಿಯನ್ನೂ ಒಂದು ತುದಿ ಎಂದೇ ಎಣಿಸಿ. ಇದೇ ಬೀಜ. ಇನ್ನು ಕೂಡಿಸು ಚಿಹ್ನೆಯ ಮೇಲ್ತುದಿಯಿಂದ ಶುರು ಮಾಡಿ. ಅದನ್ನು ಬಲಕ್ಕಿರುವ ಮೂಲೆಗೆರೆಯ ಮೇಲ್ತುದಿಗೆ ಕಮಾನಿನಂತೆ ಸೇರಿಸಿ. ಮುಂದೆ ಎಡಗಡೆಯ ಪಕ್ಕದ ತುದಿಯಿಂದ ಹೊರಟು, ಮೊದಲ ಕಮಾನಿನ ಮೇಲೆ ಹಾದು, ಬಲಗಡೆ ಉಳಿದಿರುವ ಮೊದಲ ತುದಿಗೆ ಸೇರಿಸಿ. ಹೀಗೆ ಎಡಕ್ಕೊಂದು ಬಲಕ್ಕೊಂದು ಹೆಜ್ಜೆ ಸರಿಯುತ್ತಾ ಹೋದರೆ ಎಂಟು ಕಮಾನು ಆಗುತ್ತವೆ. ಎಂಟು ಗೆರೆಗಳ ನಡುವೆ ಏಳು ಸುತ್ತು. ಮನೆ ಮುಂದೆ ದಿನಾ ರಂಗೋಲಿ ಬಿಡುವ ವಿದ್ಯಾರ್ಥಿನಿಯರು ಇದನ್ನು ನನಗಿಂತ ಬೇಗ ಕಲಿತರು. ಈಗ ಹೊಸ ಬ್ಯಾಚಿಗೆ ಹೇಳಿಕೊಡುವವರೂ ಅವರೇ.

ಅಳತೆ ಹೀಗೆ. ದಾರಿಯ ಅಗಲ 2 ಅಡಿ ಇಟ್ಟರೆ ಒಟ್ಟು ಅಗಲ 30 ಅಡಿ ಬರುತ್ತದೆ. ದಾರಿಯ ಅಗಲವನ್ನು 15ರಿಂದ ಗುಣಿಸಿದರೆ ಸಾಕು, ನಿಮ್ಮ ಜಾಗಕ್ಕೆ ಆಗುತ್ತದಾ ಇಲ್ಲವಾ ತಿಳಿಯುತ್ತದೆ. 30 ಅಡಿಯ ಲ್ಯಾಬಿರಿಂತಿನಲ್ಲಿ ಒಳಗೆ ಹೋಗುವ ದಾರಿ ಸುಮಾರು 100 ಮೀಟರ್. ನಿಧಾನವಾಗಿ ನಡೆದರೆ ಹೋಗಿ ನಿಂತು ಬರಲು ಹದಿನೈದು ನಿಮಿಷ. ಕಮಾನುಗಳಿಗೆ ಒಂದು ಗೂಟ, ಒಂದು ಹಗ್ಗ ಬೇಕು. ಶುರುವಿಗೆ ಆಟದ ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿ ಚೆನ್ನಾಗಿದೆ. ಬೆಂಗಳೂರಿನ ಒಂದು ಮಳೆಗೆ ಅದು ತೊಳೆದುಹೋಗುತ್ತದೆ, ಆದರೆ ಜಾಗ ಸರಿಯಿದೆಯಾ, ಬಿಸಿಲು ಎಲ್ಲಿ ಬೀಳುತ್ತದೆ ಅಂತ ನೋಡಿಕೊಳ್ಳಲು ಅಷ್ಟು ಸಾಕು. ಆಮೇಲೆ ನಾವು ಕ್ಯಾಂಪಸ್ಸಿನಲ್ಲಿ ಕಟ್ಟಡ ಕೆಲಸ ಮುಗಿದು ಉಳಿದಿದ್ದ ಇಟ್ಟಿಗೆ ಜೋಡಿಸಿದೆವು. ಎರಡು ಇಟ್ಟಿಗೆಗಳ ನಡುವೆ ಒಂದು ಇಟ್ಟಿಗೆಯಷ್ಟು ಜಾಗ ಬಿಟ್ಟರೆ 200ರಿಂದ 250 ಇಟ್ಟಿಗೆಯಲ್ಲಿ ಮುಗಿಯುತ್ತದೆ. ಜಾಗ ಇಲ್ಲದವರು ಸೆಮಿನಾರ್ ಹಾಲಿನ ನೆಲಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಬಹುದು. ಸಂಜೆ ಕಿತ್ತರೆ ಗುರುತೂ ಉಳಿಯುವುದಿಲ್ಲ.

ಗಾಲಿಕುರ್ಚಿ ಬಳಸುವವರು ಇದ್ದರೆ ಇಟ್ಟಿಗೆ ಬೇಡ. ನೆಲದ ಮೇಲೆ ಬಣ್ಣದ ಗೆರೆ ಹಾಕಿ, ದಾರಿಯನ್ನು 3 ಅಡಿಗೆ ಏರಿಸಿ. ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ದಪ್ಪ ರಟ್ಟಿನ ಮೇಲೆ ಉಲ್ಲನ್ ದಾರ ಅಂಟಿಸಿದ ಬೆರಳಿನ ಲ್ಯಾಬಿರಿಂತ್ ಮಾಡಿದೆವು. ಗೆರೆ ಕೈಗೆ ಸಿಗುತ್ತದೆ, ಬೆರಳು ನಡುವೆ ಸಾಗುತ್ತದೆ. ಆಮೇಲೆ ಎಲ್ಲರೂ ಅದನ್ನು ಕೇಳತೊಡಗಿದರು. ಈಗ ಎ4 ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿದ್ದನ್ನೂ ಬಳಸುತ್ತೇವೆ. ಬರೆಯುವ ಕೈ ಬಿಟ್ಟು ಇನ್ನೊಂದು ಕೈಯ ಬೆರಳಲ್ಲಿ ಸಾಗಿದರೆ ವೇಗ ತಾನಾಗೇ ತಗ್ಗುತ್ತದೆ.

ಇನ್ನು ತರಗತಿ. ನನ್ನ ಮಟ್ಟಿಗೆ ಲ್ಯಾಬಿರಿಂತ್ ಎಂಬುದು ಅರ್ಧ ಕೆಲಸ. ಒಳಗೆ ಹೋಗುವ ಮೊದಲು ಕೊಡುವ ಪ್ರಶ್ನೆ ಮತ್ತು ಹೊರಗೆ ಬಂದ ಮೇಲೆ ಬರೆಯುವ ಹತ್ತು ನಿಮಿಷ, ಈ ಎರಡು ಸೇರಿದರೆ ಮಾತ್ರ ಅದು ಪಾಠವಾಗುತ್ತದೆ. ಬರೀ ನಡೆಸಿ ಕಳಿಸಿದರೆ ಮಕ್ಕಳಿಗೆ ಹಿತವಾಗಿರುತ್ತದೆ, ಅಷ್ಟೆ. ಹಿತ ಬೇಡ ಎನ್ನುವುದಿಲ್ಲ. ಆದರೆ ನಾನು ಸಾಹಿತ್ಯದ ಅಧ್ಯಾಪಕಿ. ಓದಿದ ಸಾಲು ಅವರೊಳಗೆ ಇಳಿಯಬೇಕು, ಇಳಿದದ್ದು ಅವರದೇ ಮಾತಾಗಿ ಹೊರಬರಬೇಕು, ಇದು ನನ್ನ ಆಸೆ.

ಪ್ರಶ್ನೆ ಒಂದೇ ಇರಬೇಕು. ಅದಕ್ಕೆ ಸರಿ ಉತ್ತರ ಇರಬಾರದು. ಪುಸ್ತಕದಿಂದಲೇ ಹುಟ್ಟಬೇಕು, ಆದರೆ ಅವರ ಬದುಕನ್ನು ಮುಟ್ಟಬೇಕು. ವಚನಗಳನ್ನು ಓದಿದ ದಿನ ನಾನು ಕೇಳುವುದು ಇಷ್ಟು: ಇವತ್ತು ಓದಿದ್ದರಲ್ಲಿ ಯಾವ ಮಾತನ್ನು ನೀವು ಒಪ್ಪಲಾರಿರಿ? ಮೆಚ್ಚಿದ್ದು ಯಾವುದು ಎಂದು ಕೇಳಿದರೆ ಎಲ್ಲರೂ ಮೆಚ್ಚುತ್ತಾರೆ. ಒಪ್ಪಲಾರದ್ದನ್ನು ಹುಡುಕಬೇಕಾದರೆ ನಿಜವಾಗಿ ಓದಬೇಕಾಗುತ್ತದೆ.

ಅಭಿಮನ್ಯುವಿನ ಪ್ರಸಂಗ ನಮ್ಮಲ್ಲಿ ಅತಿ ಚೆನ್ನಾಗಿ ನಡೆಯುವ ಪಾಠ. ಕುಮಾರವ್ಯಾಸನ ದ್ರೋಣಪರ್ವದ ಭಾಗ ಅದು. ಯುದ್ಧದ ಹದಿಮೂರನೇ ದಿನ ದ್ರೋಣ ಚಕ್ರವ್ಯೂಹ ಒಡ್ಡುತ್ತಾನೆ. ಹುಡುಗನಿಗೆ ಒಳಗೆ ನುಗ್ಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ. ಈ ಕಥೆ ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಿಲ್ಲ, ಯಕ್ಷಗಾನದಲ್ಲೋ ಟೀವಿಯಲ್ಲೋ ನೋಡಿಯೇ ಬಂದಿರುತ್ತಾರೆ. ಆ ದಿನದ ಪ್ರಶ್ನೆ: ಹೊರಬರುವ ದಾರಿ ಗೊತ್ತಿಲ್ಲದೆಯೂ ನೀವು ಒಳಗೆ ಹೋದ ಜಾಗ ಯಾವುದು? ಅಲ್ಲಿಗೆ ನಿಮ್ಮನ್ನು ಕಳಿಸಿದವರು ಯಾರು?

ಎರಡನೇ ಮಾತು ಬಹಳ ಕೆಲಸ ಮಾಡುತ್ತದೆ. ಅಭಿಮನ್ಯು ತಾನೇ ಹೋದನಾ, ದೊಡ್ಡವರು ಕಳಿಸಿದರಾ ಎಂಬ ಚರ್ಚೆ ಮೊದಲು ಪರೀಕ್ಷೆಯ ಉತ್ತರದಂತೆ ಬರುತ್ತಿತ್ತು. ಅವನ ಶೌರ್ಯ, ಧರ್ಮರಾಯನ ಅಸಹಾಯಕತೆ, ಅಷ್ಟಕ್ಕೆ ಮುಗಿಯುತ್ತಿತ್ತು. ನಡೆದು ಬಂದು ಬರೆದ ಮೇಲೆ ಮಾತಿನ ದಿಕ್ಕೇ ಬೇರೆ. ಅಪ್ಪನ ಆಸೆಗೆ ಬಿ.ಕಾಂ. ಸೇರಿದವರು, ಸಾಲದಲ್ಲಿ ಗಾಡಿ ಕೊಂಡವರು, ಊರು ಬಿಟ್ಟು ಈ ನಗರಕ್ಕೆ ಬಂದವರು, ಎಲ್ಲರೂ ಅಭಿಮನ್ಯುವಿನ ಬಗ್ಗೆಯೇ ಮಾತಾಡುತ್ತಿರುತ್ತಾರೆ, ಆದರೆ ಒಳಗಿನಿಂದ ಮಾತಾಡುತ್ತಿರುತ್ತಾರೆ. ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಮಗನನ್ನು ಕಳಿಸಿದವರಿಗೂ ಹೊರಬರುವ ದಾರಿ ಗೊತ್ತಿರಲಿಲ್ಲ ಅಲ್ವಾ ಮೇಡಂ ಅಂದಳು. ನಾನು ಇಷ್ಟು ವರ್ಷ ಆ ಭಾಗವನ್ನು ಪಾಠ ಮಾಡಿದ್ದೇನೆ, ಈ ಕಡೆಯಿಂದ ನೋಡಿರಲಿಲ್ಲ. ಆ ಇಡೀ ಪೀರಿಯಡ್ ಆ ಒಂದು ಮಾತಿನ ಸುತ್ತಲೇ ನಡೆಯಿತು.

ಲ್ಯಾಬಿರಿಂತನ್ನು ನೋಡಿದ ಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವುದೂ ಚಕ್ರವ್ಯೂಹವೇ. ಕೆಲವರಿಗೆ ಒಂಥರಾ ಹಿಂಜರಿಕೆ. ಇಲ್ಲಿ ಹೋದ ದಾರಿಯೇ ಬರುವ ದಾರಿ, ಸಿಕ್ಕಿಹಾಕಿಕೊಳ್ಳುವುದಿಲ್ಲ, ಸಾಕೆನಿಸಿದರೆ ಗೆರೆ ದಾಟಿ ಹೊರಗೆ ಬನ್ನಿ ಎಂದು ಮೊದಲೇ ಹೇಳುತ್ತೇನೆ. ಇದನ್ನು ಹೇಳದೆ ಯಾರನ್ನೂ ಒಳಗೆ ಬಿಡಬಾರದು.

ದಾರಿಯ ಗುಣವನ್ನೂ ಪಾಠಕ್ಕೆ ಬಳಸಿಕೊಳ್ಳುತ್ತೇನೆ. ಹೊರಗಿನ ಸುತ್ತನ್ನು ಒಂದು ಎಂದು ಎಣಿಸಿದರೆ, ಕಾಲಿಟ್ಟವರು ಮೊದಲು ಸಾಗುವುದು ಮೂರನೇ ಸುತ್ತಿನಲ್ಲಿ. ಆಮೇಲೆ ಎರಡು, ಒಂದು. ಅಂದರೆ ನಡುವಿನಿಂದ ದೂರ ದೂರ. ಅಲ್ಲಿಂದ ನಾಲ್ಕು, ತಕ್ಷಣ ಏಳು. ಈಗ ನಡು ಕೈಗೆ ಸಿಗುವಷ್ಟು ಹತ್ತಿರ, ಮುಟ್ಟಿಯೇ ಬಿಟ್ಟೆವು ಅನ್ನಿಸುತ್ತದೆ. ಆದರೆ ದಾರಿ ಮತ್ತೆ ಆರಕ್ಕೆ, ಐದಕ್ಕೆ ಸರಿಯುತ್ತದೆ. ಐದನೇ ಸುತ್ತು ಮುಗಿದಾಗ ನಡು ಬಂದೇಬಿಡುತ್ತದೆ. ಹಳಗನ್ನಡದ ಪದ್ಯ ಓದುವವರಿಗೆ ಈ ಅನುಭವ ಹೊಸದಲ್ಲ. ಅರ್ಥ ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತದೆ, ಇನ್ನು ಆಗಲ್ಲ ಅನ್ನುವಾಗ ತೆರೆಯುತ್ತದೆ. ಪಂಪನ ಒಂದು ಪದ್ಯಕ್ಕೆ ನಾಲ್ಕು ಸಲ ಮರಳಿ ಬಂದು ಬೇಸತ್ತ ತರಗತಿಗೆ ನಾನು ಈಗ ಏಳನೇ ಸುತ್ತಿನಲ್ಲಿದ್ದೀವಿ ಎಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಛಂದಸ್ಸು ಕಲಿಸಲೂ ಇದು ಒದಗುತ್ತದೆ, ಇದು ನಾನು ಎಣಿಸಿರದ ಲಾಭ. ಭಾಮಿನಿ ಷಟ್ಪದಿಯ ಸಣ್ಣ ಸಾಲಿನಲ್ಲಿ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ, ಒಟ್ಟು ಹದಿನಾಲ್ಕು. ಮೂರನೇ ಮತ್ತು ಆರನೇ ಸಾಲು ಮಾತ್ರ ಇಪ್ಪತ್ತಮೂರು ಮಾತ್ರೆಯಷ್ಟು ಉದ್ದ. ಕಪ್ಪು ಹಲಗೆಯ ಮೇಲೆ ಗುರು ಲಘು ಹಾಕಿ ಎಣಿಸುವುದು ಎಲ್ಲರಿಗೂ ಬರುತ್ತದೆ, ಕಿವಿಗೆ ಕೇಳುವುದು ಕೆಲವರಿಗೆ ಮಾತ್ರ. ಪದ್ಯವನ್ನು ಬಾಯಿಪಾಠ ಮಾಡಿ, ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ನಡೆಯಿರಿ ಅಂದೆ. ಗಣದ ಮೊದಲಿಗೆ ಹೆಜ್ಜೆ ಬೀಳಲಿ ಅಂದೆ. ಮೂರಕ್ಕೊಂದು ಹೆಜ್ಜೆ, ನಾಲ್ಕಕ್ಕೊಂದು ಹೆಜ್ಜೆ ಇಟ್ಟಾಗ ನಡಿಗೆ ಸ್ವಲ್ಪ ಕುಂಟಿದಂತಾಗುತ್ತದೆ. ಆ ಕುಂಟುವ ಲಯವೇ ಭಾಮಿನಿ. ಕಾಲಿಗೆ ಗೊತ್ತಾದದ್ದು ಮರೆಯುವುದಿಲ್ಲ. ಆದರೆ ಇದು ಬೇರೆ ದಿನದ ಪಾಠ. ಪ್ರಶ್ನೆ ಹೊತ್ತು ನಡೆಯುವ ದಿನ ಇದನ್ನು ಸೇರಿಸುವುದಿಲ್ಲ.

ಅರವತ್ತು ಜನರ ತರಗತಿಯನ್ನು ಒಟ್ಟಿಗೆ ಒಳಗೆ ಬಿಡಲಾಗುವುದಿಲ್ಲ. ಹನ್ನೆರಡರಿಂದ ಹದಿನೈದು ಜನರ ಗುಂಪು ಸರಿ. ಒಬ್ಬರು ಹೊರಟು ಅರ್ಧ ನಿಮಿಷದ ಮೇಲೆ ಇನ್ನೊಬ್ಬರು. ಉಳಿದವರು ಮರದ ಕೆಳಗೆ ಬೆರಳಿನ ಲ್ಯಾಬಿರಿಂತ್ ಹಿಡಿದು ಕೂರುತ್ತಾರೆ ಅಥವಾ ಪದ್ಯವನ್ನು ಮತ್ತೆ ಓದುತ್ತಾರೆ. ಒಂದೇ ಪೀರಿಯಡ್ಡಿನಲ್ಲಿ ಎಲ್ಲರನ್ನೂ ಮುಗಿಸಲು ಹೋಗಬೇಡಿ. ನಾನು ಎರಡು ಪೀರಿಯಡ್ ಕೂಡಿಸಿಕೊಳ್ಳುತ್ತೇನೆ. ಮೊಬೈಲ್ ಬ್ಯಾಗಿನಲ್ಲಿ. ಚಪ್ಪಲಿ ಬಿಡುವುದು ಬಿಡದಿರುವುದು ಅವರಿಷ್ಟ. ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಗುಡಿಯ ಭಾವ ಬಂದುಬಿಡುತ್ತದೆ. ನನ್ನ ತರಗತಿಯಲ್ಲಿ ಎಲ್ಲ ಮತದ ಮಕ್ಕಳಿದ್ದಾರೆ. ಇದು ಪೂಜೆಯಲ್ಲ, ಪ್ರಾರ್ಥನೆಯಲ್ಲ, ಬೇಡದವರು ಕೂತು ಬರೆಯಬಹುದು ಎಂದು ಪ್ರತಿ ಸೆಮಿಸ್ಟರಿನ ಶುರುವಿನಲ್ಲೇ ಹೇಳುತ್ತೇನೆ. ಕೆಲವರು ಬೇಡ ಅನ್ನುತ್ತಾರೆ. ಕಾರಣ ಕೇಳುವುದಿಲ್ಲ.

ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಂಪೌಂಡಿನ ಆಚೆ ರಸ್ತೆ, ಹಾರ್ನು, ಎಲ್ಲೋ ಕಾಂಕ್ರೀಟ್ ಮಿಕ್ಸರ್. ಬೆಂಗಳೂರಿನಲ್ಲಿ ಮೌನವಾದ ಜಾಗಕ್ಕೆ ಕಾಯುತ್ತಾ ಕೂತರೆ ಮೂರು ವರ್ಷದ ಪದವಿಯೇ ಮುಗಿದುಹೋಗುತ್ತದೆ. ಸದ್ದಿರಲಿ, ಮಾತು ಬೇಡ, ಇಷ್ಟೇ ನಿಯಮ. ಐದು ನಿಮಿಷದಲ್ಲಿ ಅವರು ಸದ್ದನ್ನು ಗಮನಿಸುವುದನ್ನೇ ಬಿಡುತ್ತಾರೆ.

ದಾರಿಯಲ್ಲಿ ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಮುಖಾಮುಖಿಯಾಗುತ್ತದೆ. ಎರಡಡಿ ದಾರಿಯಲ್ಲಿ ಒಬ್ಬರು ಸರಿಯಲೇಬೇಕು. ಯಾರು ಸರಿಯಬೇಕು ಎಂದು ನಾನು ಹೇಳುವುದಿಲ್ಲ. ಮಾತಿಲ್ಲದೆ ಅವರೇ ಬಗೆಹರಿಸಿಕೊಳ್ಳುತ್ತಾರೆ. ಆಮೇಲೆ ಅವರು ಓದಿ ಹೇಳುವ ಸಾಲುಗಳಲ್ಲಿ ಪದೇ ಪದೇ ಬರುವ ವಿಷಯ ಇದು. ಒಂದೇ ಬೆಂಚಿನಲ್ಲಿ ಕೂರದ ಗುಂಪಿನವರು ಒಬ್ಬರಿಗೊಬ್ಬರು ದಾರಿ ಬಿಟ್ಟದ್ದು, ಯಾವಾಗಲೂ ತಾನೇ ಸರಿಯುತ್ತೇನೆ ಎಂದು ಒಬ್ಬಳಿಗೆ ಅನ್ನಿಸಿದ್ದು. ಜಾತಿ, ಹೆಣ್ಣು ಗಂಡು, ಇಂಗ್ಲಿಷ್ ಬರುವವರು ಬಾರದವರು, ಈ ಮಾತುಗಳನ್ನು ವಚನಗಳ ನೆಪದಲ್ಲಿ ನಾವು ಆಡುವುದು ಇದ್ದೇ ಇದೆ. ಈ ಎರಡಡಿ ದಾರಿ ಆ ಮಾತನ್ನು ಬಹಳ ಹತ್ತಿರಕ್ಕೆ ತರುತ್ತದೆ.

ಬರೆದದ್ದನ್ನು ನಾನು ತೆಗೆದುಕೊಳ್ಳುವುದಿಲ್ಲ, ಓದುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಇದೆಯಾ ಎಂದು ಕೇಳುತ್ತಾರೆ, ಇಲ್ಲ. ಮಾರ್ಕ್ಸ್ ಇಟ್ಟ ದಿನ ಅವರು ನನಗಾಗಿ ಬರೆಯತೊಡಗುತ್ತಾರೆ. ಹತ್ತು ನಿಮಿಷ ಆದ ಮೇಲೆ, ಬೇಕಾದವರು ತಾವು ಬರೆದದ್ದರಲ್ಲಿ ಒಂದೇ ಒಂದು ಸಾಲನ್ನು ಓದಬಹುದು. ಯಾರೂ ಓದದಿದ್ದರೆ ಕಾಯುತ್ತೇನೆ. ಒಬ್ಬರು ಓದುತ್ತಾರೆ, ಆಮೇಲೆ ಇನ್ನೊಬ್ಬರು. ಆ ಸಾಲುಗಳನ್ನು ಹಲಗೆಯ ಮೇಲೆ ಬರೆದು, ಅಲ್ಲಿಂದ ಪದ್ಯಕ್ಕೆ ಮರಳುತ್ತೇವೆ. ಪರೀಕ್ಷೆಯ ಉತ್ತರ ಬರೆಯುವುದನ್ನು ಬೇರೆ ತರಗತಿಯಲ್ಲಿ ಹೇಳಿಕೊಡುತ್ತೇನೆ. ನಡೆದರೆ ಅಂಕ ಜಾಸ್ತಿ ಬರುತ್ತದೆ ಎಂದು ನಾನು ಯಾರಿಗೂ ಭರವಸೆ ಕೊಟ್ಟಿಲ್ಲ. ನಡೆಯುವಾಗ ಫೋಟೋ ತೆಗೆಯುವುದಕ್ಕೂ ಬಿಡುವುದಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರ ಫೈಲಿಗೆ ಬೇಕಿದ್ದರೆ ಖಾಲಿ ಲ್ಯಾಬಿರಿಂತಿನ ಫೋಟೋ ಕೊಡುತ್ತೇನೆ.

ಒಂದು ಎಚ್ಚರಿಕೆ. ಸುಮ್ಮನಿರಲು ಅವಕಾಶ ಸಿಕ್ಕಾಗ ಕೆಲವರಿಗೆ ಅಳು ಬರುತ್ತದೆ. ಮನೆಯಲ್ಲಿ ಸಾವಾಗಿರಬಹುದು, ಇನ್ನೇನೋ ಇರಬಹುದು. ನಾನು ಆಪ್ತಸಲಹೆಗಾರ್ತಿಯಲ್ಲ, ಆ ಪಾತ್ರ ವಹಿಸಲು ಹೋಗಬಾರದು. ನೀರು ಕೊಟ್ಟು, ಪಕ್ಕದಲ್ಲಿ ಕೂತು, ಮಾತಾಡಲು ಯಾರಾದರೂ ಬೇಕಾ ಎಂದಷ್ಟೇ ಕೇಳುತ್ತೇನೆ. ಕಾಲೇಜಿನಲ್ಲಿ ಆಪ್ತಸಲಹೆಗಾರರಿದ್ದರೆ ಅವರಿಗೆ ಆ ದಿನದ ತರಗತಿಯ ವಿಷಯ ಮೊದಲೇ ತಿಳಿಸಿರಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬೆರಳಿನ ಲ್ಯಾಬಿರಿಂತ್ ಹಾಳೆಯ ಹಿಂದೆ ಮುದ್ರಿಸಿದ್ದೇವೆ. ಕನ್ನಡದಲ್ಲೂ ಮಾತಾಡಬಹುದು, ದುಡ್ಡಿಲ್ಲ.

ಏನೂ ಅನ್ನಿಸಲಿಲ್ಲ ಮೇಡಂ ಎನ್ನುವವರೂ ಇರುತ್ತಾರೆ. ಅದನ್ನೇ ಬರೆಯಿರಿ ಎನ್ನುತ್ತೇನೆ. ಏನೂ ಅನ್ನಿಸದ ಹದಿನೈದು ನಿಮಿಷದಲ್ಲಿ ಏನೇನಾಯಿತು ಎಂದು ಒಬ್ಬ ಹುಡುಗ ಎರಡು ಪುಟ ಬರೆದು, ಅದರಲ್ಲಿ ಒಂದು ಸಾಲನ್ನು ಗಟ್ಟಿಯಾಗಿ ಓದಿದ: ಇರುವೆ ಸಾಲು ಇಟ್ಟಿಗೆಯನ್ನು ಲೆಕ್ಕಿಸದೆ ನೇರವಾಗಿ ನಡುವಿಗೆ ಹೋಗುತ್ತಿತ್ತು. ಚಕ್ರವ್ಯೂಹದ ಬಗ್ಗೆ ಆ ತರಗತಿಯಲ್ಲಿ ನಾನು ಕೇಳಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು.

ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟು. ಮೊದಲು ನೀವೇ ಹಾಳೆಯ ಮೇಲೆ ಬೀಜ ಹಾಕಿ, ಎಂಟು ಕಮಾನು ಎಳೆದು, ಬೆರಳಲ್ಲಿ ಹೋಗಿಬನ್ನಿ. ಆಮೇಲೆ ಒಂದು ಚಿಕ್ಕ ತರಗತಿ, ಒಂದು ಪದ್ಯ, ಒಂದು ಪ್ರಶ್ನೆ. ನಿಮ್ಮ ವಿಷಯ ಕನ್ನಡವೇ ಆಗಬೇಕಿಲ್ಲ. ನಮ್ಮಲ್ಲಿ ಸಮಾಜಕಾರ್ಯ ವಿಭಾಗದವರು ಕ್ಷೇತ್ರಕಾರ್ಯದಿಂದ ಬಂದ ವಿದ್ಯಾರ್ಥಿಗಳಿಗೆ ಇದನ್ನು ಬಳಸುತ್ತಿದ್ದಾರೆ, ಅಲ್ಲಿ ಕಂಡದ್ದರಲ್ಲಿ ಇನ್ನೂ ಮನಸ್ಸಿನಿಂದ ಹೋಗದಿರುವುದು ಯಾವುದು ಎಂಬುದು ಅವರ ಪ್ರಶ್ನೆ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಒಂಬತ್ತರೊಳಗೆ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಇಟ್ಟಿಗೆಯ ನಡುವೆ ಹುಲ್ಲು ಬೆಳೆಯುತ್ತದೆ, ಜಾರುತ್ತದೆ. ಜೂನ್ ಬರುವ ಮೊದಲು ಒಂದು ಲೋಡ್ ಸಣ್ಣ ಜಲ್ಲಿಯನ್ನು ದಾರಿಗೆ ಹರಡಿಸಿಕೊಳ್ಳಿ.